ವಾಸನೆಯಿಲ್ಲದ ಮೀನುಚರ್ಮ

ವಸತಿ ಕಟ್ಟಡದ ಸಂಘದ ಮೊದಲ ಪತ್ರ ಬಂದದ್ದು ಜೂನ್ ತಿಂಗಳಲ್ಲಿ. ಸ್ವೀಡಿಷ್ ಭಾಷೆಯಲ್ಲಿ ನಾಲ್ಕೇ ಸಾಲು: ನಿಮ್ಮ ಬಾಲ್ಕನಿಯಲ್ಲಿ ಮೀನಿನ ತ್ಯಾಜ್ಯ ಒಣಗಿಸುತ್ತಿದ್ದೀರಿ ಎಂದು ದೂರು ಬಂದಿದೆ, ಕೂಡಲೇ ತೆಗೆಯಿರಿ. ದೂರು ಕೊಟ್ಟವರ ಹೆಸರಿರಲಿಲ್ಲ. ಇವ್ಲಿನ್ ಮಿನೇಜಸ್ ಪತ್ರವನ್ನು ಎರಡು ಸಲ ಓದಿ ಗಂಡ ಜೋಸೆಫನ ಮುಂದೆ ಎಸೆದಳು.

"ತ್ಯಾಜ್ಯ ಅಂತೆ! ನನ್ನ ಗಾಳದ ಚರ್ಮ ತ್ಯಾಜ್ಯವಾ?"

ಇವ್ಲಿನ್‌ಗೆ ಐವತ್ತೊಂದು ವರ್ಷ. ಗೋಥೆನ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಉಪಕರಣಗಳನ್ನು ತೊಳೆದು ಸೋಂಕುರಹಿತ ಮಾಡುವ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ. ದಿನವಿಡೀ ಕತ್ತರಿ, ಚಿಮುಟಗಳನ್ನು ತಿಕ್ಕಿ ಎಣಿಸುವ ಆ ಕೈಗಳಿಗೆ ರಜಾದಿನದಲ್ಲಿ ಬೇಕಾದದ್ದು ಒಂದೇ, ಮೀನಿನ ಗಾಳ. ಅವಳ ಅಪ್ಪ ಮಲ್ಪೆ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವನೇ ಬಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದ. ಬಂಗುಡೆಯ ಹೊಟ್ಟೆಯ ಬಿಳಿ ಚರ್ಮವನ್ನು ಸುಲಿದು, ಮಾಂಸ ಕೆರೆದು, ಉಪ್ಪು ತಿಕ್ಕಿ ಒಣಗಿಸಿ, ಕರಿಬೇವಿನ ಎಲೆಯಷ್ಟು ಕತ್ತರಿಸಿ ಕೊಕ್ಕೆಗೆ ಕಟ್ಟುವುದನ್ನು ಅವಳು ಕಲಿತದ್ದು ಅವನಿಂದ. ನೀರಿನಲ್ಲಿ ಆ ಚೂರು ಮಿನುಗಿ ಅಲುಗಿದರೆ ದೊಡ್ಡ ಮೀನಿಗೆ ಅದು ಮರಿಮೀನು. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಮ್ಯಾಕರಲ್ ನಮ್ಮ ಬಂಗುಡೆಯ ದಾಯಾದಿ. ಬೇಸಿಗೆಯಲ್ಲಿ ಟ್ರಾಮ್ ಹತ್ತಿ ಸಾಲ್ಟ್‌ಹೋಲ್ಮೆನ್‌ಗೆ ಹೋಗಿ ಬಂಡೆಯ ಮೇಲಿಂದ ಗಾಳ ಎಸೆದರೆ ಅದು ಬಂದೇ ಬರುತ್ತಿತ್ತು.

ದೂರು ಕೊಟ್ಟವನು ಕೆಳಗಿನ ಮನೆಯ ಮುದುಕ ಎಂದು ಇವ್ಲಿನ್ ತೀರ್ಮಾನಿಸಿದಳು. ಮೂರು ವಾರ ಲಿಫ್ಟಿನಲ್ಲಿ ಅವನನ್ನು ದುರುಗುಟ್ಟಿ ನೋಡಿದಳು. ಆ ಪಾಪದ ಮನುಷ್ಯ ಕೊನೆಗೆ ಮೆಟ್ಟಿಲು ಹಿಡಿದು ಹೋಗತೊಡಗಿದ. ಎರಡನೆಯ ಪತ್ರದ ಜೊತೆ ಒಂದು ಫೋಟೋ ಬಂತು. ಹಲಗೆಗೆ ಪಿನ್ನು ಚುಚ್ಚಿ ಒಣಗಲು ಇಟ್ಟಿದ್ದ ಆರು ಚರ್ಮಗಳು, ಅವುಗಳ ಹಿಂದೆ ಅವಳ ತುಳಸಿಯಷ್ಟೆತ್ತರದ ಮೆಣಸಿನ ಗಿಡ. ಆ ಗಿಡ ಆ ಬದಿಯಿಂದ ಕಾಣುವುದು ಒಂದೇ ಕಡೆಯಿಂದ, ಪಕ್ಕದ ಬಾಲ್ಕನಿಯಿಂದ.

ಪಕ್ಕದ ಮನೆ ವೈದೇಹಿಯದು. ಬೆಂಗಳೂರಿನವಳು, ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಗಂಡ ದೂರದ ಎಸ್ಕಿಲ್‌ಸ್ಟುನಾ ಪಟ್ಟಣದಲ್ಲಿ ಕೆಲಸ ಮಾಡಿಕೊಂಡು ವಾರಾಂತ್ಯಕ್ಕೆ ಮಾತ್ರ ಬರುತ್ತಿದ್ದ. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ಈ ಎರಡೇ ಮನೆಯವರು. ವೈದೇಹಿಗೆ ಗುರುವಾರ ಲ್ಯಾಬಿನಿಂದ ಬರುವುದು ತಡವಾಗುತ್ತದೆಂದು ಅವಳ ನಾಲ್ಕು ವರ್ಷದ ಮಗಳು ಕೃತಿಯನ್ನು ಡಾಗಿಸ್ ಎಂಬ ಶಿಶುವಿಹಾರದಿಂದ ಕರೆತರುತ್ತಿದ್ದವಳು ಇವ್ಲಿನ್.

ಫೋಟೋ ಹಿಡಿದುಕೊಂಡೇ ಅವಳು ಪಕ್ಕದ ಬಾಗಿಲು ಬಡಿದಳು. ಬೆಂಗಳೂರಿನವರ ಎದುರು ತನ್ನ ಊರಿನ ಕನ್ನಡವನ್ನು ಸ್ವಲ್ಪ ಬದಲಿಸಿ ಮಾತಾಡುವುದು ಅವಳ ರೂಢಿ. ಆ ದಿನ ಅದು ನೆನಪಿಗೇ ಬರಲಿಲ್ಲ.

"ಇದು ನೀವು ತೆಗ್ದದ್ದಾ?"

ವೈದೇಹಿ ಫೋಟೋ ನೋಡಿದಳು. ಇಲ್ಲ ಎನ್ನಲಿಲ್ಲ. "ಆಂಟಿ, ಪ್ಲೀಸ್ ಪರ್ಸನಲ್ ಆಗಿ ತಗೋಬೇಡಿ. ಇಲ್ಲಿ ಪ್ರೊಸೀಜರೇ ಹಾಗೆ, ಏನಿದ್ರೂ ಬೋರ್ಡ್‌ಗೆ ಬರೀಬೇಕು."

"ಬಾಗಿಲು ತಟ್ಟಿ ಹೇಳ್ಲಿಕ್ಕೆ ಎಂತ ಆಗ್ತಿತ್ತು?"

"ಹೇಗೆ ಹೇಳೋದು ಆಂಟಿ? ಅತ್ತೆ ಬಂದಿದಾರೆ. ದೇವರನ್ನ ಇಟ್ಟಿರೋದು ಆ ಕಡೆ ಗೋಡೆಗೆ. ಪೂಜೆ ಟೈಮಲ್ಲಿ ಆ ಸ್ಮೆಲ್ ಬಂದ್ರೆ ಅವರಿಗೆ ವಾಂತಿ ಬರೋ ಹಾಗಾಗುತ್ತೆ. ನಿಮ್ಮ ಫುಡ್ ಬಗ್ಗೆ ನಾನೇನೂ ಹೇಳ್ತಿಲ್ಲ. ಇಟ್ಸ್ ಜಸ್ಟ್ ಹೈಜೀನ್."

ಹೈಜೀನ್ ಎಂಬ ಮಾತಿಗೆ ಇವ್ಲಿನ್‌ಳ ಮುಖ ಕೆಂಪೇರಿತು. ಹದಿನಾಲ್ಕು ವರ್ಷ ಅವಳು ತಿಂದ ಅನ್ನವೇ ಅದರದ್ದು. "ಆಪರೇಷನ್ ಮಾಡುವ ಕತ್ತರಿ ತೊಳಿಯುವವಳು ನಾನು. ನನಗೆ ನೀವು ಹೈಜೀನ್ ಕಲಿಸ್ತೀರಾ? ಗುರುವಾರ ಗುರುವಾರ ನಿಮ್ಮ ಮಗಳ ಕೈ ಹಿಡ್ಕೊಂಡು ಬರುವಾಗ ಈ ಕೈಯಲ್ಲಿ ವಾಸನೆ ಇರ್ಲಿಲ್ವಾ? ಬರುವ ವಾರದಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ವೈದೇಹಿ ಬಾಗಿಲು ಹಾಕಿದಳು. ಒಳಗಿನಿಂದ ಚಿಲಕದ ಸದ್ದು ಎರಡು ಸಲ ಕೇಳಿಸಿತು.

ಸಂಘದ ನಿಯಮ ವೈದೇಹಿಯ ಕಡೆಗೇ ಇತ್ತು. ಮೂರನೆಯ ಪತ್ರ ಬಂದರೆ ವಿಚಾರಣೆ. ಇವ್ಲಿನ್ ಚರ್ಮಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿ, ಹಲಗೆಯನ್ನು ಉಜ್ಜಿ ತೊಳೆದಳು. ಜೋಸೆಫ್ ಸಮಾಧಾನ ಮಾಡಲು ನೋಡಿದ. "ಅಂಗಡಿಯಲ್ಲಿ ಗರಿ ಕಟ್ಟಿದ ಗಾಳ ಸಿಗ್ತದಲ್ಲ, ಅದನ್ನೇ ತಕೊ. ನೆರೆಹೊರೆಯಲ್ಲಿ ಜಗಳ ಯಾಕೆ?"

"ಗರಿ ಎರಡು ಮೀನಿಗೆ ಉದುರಿ ಹೋಗ್ತದೆ. ವಾಸನೆ ಬಾರದ ಚರ್ಮ ನಾನೇ ಮಾಡ್ತೇನೆ. ಅದೇ ಬಾಲ್ಕನಿಯಲ್ಲಿ, ಅವಳ ಕಣ್ಣೆದುರೇ ತೂಗು ಹಾಕ್ತೇನೆ. ಆಗ ಅವಳು ಎಂತ ಬರೀತಾಳೆ, ನೋಡುವ."

ಆ ಬೇಸಿಗೆ ಅಡುಗೆಮನೆಯ ಮೇಜು ಜೋಸೆಫನಿಗೆ ಊಟಕ್ಕೆ ಸಿಗಲಿಲ್ಲ. ಮೊದಲು ಕಾಫಿಪುಡಿ ಪೊಟ್ಟಣದ ಒಳಗಿನ ಬೆಳ್ಳಿ ಹಾಳೆಯನ್ನು ಕತ್ತರಿಸಿ ಕಟ್ಟಿದಳು. ಹೊಳಪು ಚೆನ್ನಾಗಿತ್ತು, ಆದರೆ ಹಾಳೆ ಬಿರುಸು. ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನೆಲ್ಲ ಸಿಕ್ಕು ಮಾಡಿತು. ಚಿಪ್ಸ್ ಪೊಟ್ಟಣ ಮೆತ್ತಗಿತ್ತು, ಉಪ್ಪುನೀರಿಗೆ ಅರ್ಧ ದಿನದಲ್ಲಿ ಅದರ ಬೆಳ್ಳಿ ಬಣ್ಣ ಎದ್ದುಹೋಯಿತು. ಬಲೂನು ಚೆನ್ನಾಗಿ ಅಲುಗಿತು, ಮಿನುಗಲಿಲ್ಲ. ಮಾಂಸದ ಅಂಗಡಿಯಿಂದ ಸಾಸೇಜು ತುಂಬುವ ತೆಳು ಪೊರೆ ತಂದು ನೋಡಿದಳು. ನೀರಿಗೆ ಬಿದ್ದ ಹತ್ತು ನಿಮಿಷಕ್ಕೆ ಅದು ಗಂಜಿಯಾಯಿತು.

ದಾರಿ ಸಿಕ್ಕಿದ್ದು ಜುಲೈ ಕೊನೆಯಲ್ಲಿ. ಹರಿದ ನೈಲಾನ್ ಸ್ಟಾಕಿಂಗ್ಸನ್ನು ಚೌಕಟ್ಟಿಗೆ ಎಳೆದು ಬಿಗಿದು, ಸ್ನಾನದಮನೆಯ ಸಂದಿ ಮುಚ್ಚುವ ಪಾರದರ್ಶಕ ಸಿಲಿಕೋನ್ ಅಂಟಿಗೆ ಕಣ್ಣಿನ ರೆಪ್ಪೆಗೆ ಹಚ್ಚುವ ಮುತ್ತಿನ ಬಣ್ಣದ ಪುಡಿ ಕಲಸಿ, ಸೋಪುನೀರಲ್ಲಿ ಅದ್ದಿದ ಚಾಕುವಿನಿಂದ ಕಾಗದದಷ್ಟು ತೆಳುವಾಗಿ ಹರಡಿದಳು. ಒಂದು ದಿನ ಒಣಗಿದ ಮೇಲೆ ಕತ್ತರಿಸಿದರೆ ಬಟ್ಟೆಯಂತೆ ಮಡಚುವ, ಮೀನಿನ ಹೊಟ್ಟೆಯ ಚರ್ಮದಂತೆ ಮಿನುಗುವ ಚೂರು. ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದಳು, ಹರಿಯಲಿಲ್ಲ.

ಸಾಲ್ಟ್‌ಹೋಲ್ಮೆನ್‌ನ ಬಂಡೆಯ ಮೇಲೆ ಹೋಕಾನ್ ಎಂಬ ಮುದುಕ ದಿನಾ ಕೂರುತ್ತಿದ್ದ. ಎಂಟು ವರ್ಷ ಪಕ್ಕದಲ್ಲೇ ಗಾಳ ಹಾಕಿದರೂ ಇವ್ಲಿನ್‌ಗೆ ನಮಸ್ಕಾರ ಎಂದವನಲ್ಲ. ಅವಳ ಕೊಕ್ಕೆಗಳನ್ನು ನೋಡಿ ಆ ದಿನ ಬಾಯಿ ಬಿಟ್ಟ. "ಹೆಂಗಸರ ಸ್ಟಾಕಿಂಗ್ಸ್‌ಗೆ ಮ್ಯಾಕರಲ್ ಮೋಸಹೋಗುವುದಿಲ್ಲ."

"ನಿಮ್ಮನ್ನು ಕೇಳಿದವರು ಯಾರು?" ಎಂದಳು ಇವ್ಲಿನ್, ಅವನದೇ ಭಾಷೆಯಲ್ಲಿ.

ಅವಳ ದಾರದಲ್ಲಿ ಆರು ಕೊಕ್ಕೆ. ಆ ಬೆಳಿಗ್ಗೆ ಅಲ್ಲೇ ಹಿಡಿದ ಮೀನಿನಿಂದ ಸುಲಿದ ನಿಜವಾದ ಚರ್ಮ ಮೂರಕ್ಕೆ, ತನ್ನದು ಮೂರಕ್ಕೆ, ಒಂದು ಬಿಟ್ಟು ಒಂದು ಕಟ್ಟಿದಳು. ಮೊದಲ ಅರ್ಧ ಗಂಟೆ ನಿಜವಾದ ಚರ್ಮಕ್ಕೇ ಹೆಚ್ಚು ಮೀನು ಬಂದವು. ಹೋಕಾನ್ ಕೆಮ್ಮಿದಂತೆ ನಕ್ಕ. ಆದರೆ ನಾಲ್ಕನೆಯ ಮೀನಿನ ಹೊತ್ತಿಗೆ ಆ ಚರ್ಮಗಳು ಚಿಂದಿಯಾಗಿದ್ದವು. ನೈಲಾನ್ ಚೂರುಗಳು ಕಟ್ಟಿದಂತೆಯೇ ಇದ್ದವು. ಮಧ್ಯಾಹ್ನದವರೆಗೆ ಬಂದ ಮೀನೆಲ್ಲ ಅವುಗಳಿಗೇ ಬಂತು. ಹೋಕಾನ್ ತನ್ನ ಬಕೆಟ್ಟು ಎತ್ತಿಕೊಂಡು ಆಚೆಯ ಬಂಡೆಗೆ ಹೋಗಿ ಕುಳಿತ.

ಮಾರನೆಯ ದಿನದಿಂದ ಇವ್ಲಿನ್ ಮಾತಿನಂತೆ ನಡೆದಳು. ವೈದೇಹಿಯ ಕಡೆಗಿನ ಕಂಬಿಗೇ ಹಗ್ಗ ಕಟ್ಟಿ, ಹೊಳೆಯುವ ಪಟ್ಟಿಗಳನ್ನು ಸಾಲಾಗಿ ತೂಗು ಹಾಕಿದಳು. ಹತ್ತೇ ಪಟ್ಟಿ ಸಾಕಿದ್ದಲ್ಲಿ ಮೂವತ್ತು ಹಾಕಿದಳು.

ಮೂರನೆಯ ದೂರು ಅಕ್ಟೋಬರಿನಲ್ಲಿ ಬಂತು. ಅದರಲ್ಲಿ ದಿನಾಂಕಗಳ ಪಟ್ಟಿಯಿತ್ತು. ಸೆಪ್ಟೆಂಬರ್ ನಾಲ್ಕು, ಒಂಬತ್ತು, ಹದಿನೇಳು: ಸಹಿಸಲಾಗದ ಮೀನಿನ ವಾಸನೆ. ವಿಚಾರಣೆಗೆ ಸಂಘದ ಅಧ್ಯಕ್ಷೆ ಲೇನಾ ಒಂದು ಶನಿವಾರ ಮಧ್ಯಾಹ್ನ ಬಂದಳು. ದೂರುದಾರಳೂ ಇರಬೇಕೆಂದು ವೈದೇಹಿಯನ್ನು ಕರೆಸಿದಳು. ನಾಲ್ಕು ತಿಂಗಳಲ್ಲಿ ವೈದೇಹಿ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ದುಪಟ್ಟಾದ ಅಂಚು ಆಗಲೇ ಮೂಗಿನ ಮೇಲಿತ್ತು.

ಲೇನಾ ಬಾಲ್ಕನಿಯಲ್ಲಿ ಒಂದೊಂದೇ ಪಟ್ಟಿಯನ್ನು ಮುಟ್ಟಿ ನೋಡಿದಳು, ಮೂಸಿ ನೋಡಿದಳು. "ಇದು ವಿನೆಗರ್ ವಾಸನೆ."

"ಸಿಲಿಕೋನ್ ಒಣಗುವಾಗ ಬರುವುದು. ಒಂದು ದಿನಕ್ಕೆ ಹೋಗುತ್ತದೆ," ಎಂದು ಇವ್ಲಿನ್ ಅಂಟಿನ ಟ್ಯೂಬು ತೋರಿಸಿದಳು. ಹರಿದ ಸ್ಟಾಕಿಂಗ್ಸ್‌ನ ಚೀಲ ತೋರಿಸಿದಳು. ಕೇಳದಿದ್ದರೂ ಫ್ರಿಜ್ಜಿನ ಬಾಗಿಲು ತೆರೆದಿಟ್ಟಳು. "ದೂರಿನಲ್ಲಿ ಬರೆದ ದಿನಗಳಲ್ಲಿ ಈ ಮನೆಯಲ್ಲಿ ಮೀನೇ ಇರಲಿಲ್ಲ. ಸೆಪ್ಟೆಂಬರ್ ಒಂದರಿಂದ ಇಪ್ಪತ್ತರವರೆಗೆ ನಾವು ಭಾರತದಲ್ಲಿ, ಊರಿನಲ್ಲಿದ್ದೆವು. ಇಲ್ಲಿ ತೂಗುತ್ತಿದ್ದದ್ದು ಈ ಪಟ್ಟಿಗಳು ಮಾತ್ರ." ಪಾಸ್‌ಪೋರ್ಟುಗಳನ್ನು ಮೇಜಿನ ಮೇಲಿಟ್ಟಳು.

ಲೇನಾ ಮುದ್ರೆಯ ಪುಟ ನೋಡಿ, ತನ್ನ ಕೈಯಲ್ಲಿದ್ದ ದೂರನ್ನು ಮತ್ತೆ ನೋಡಿ, ವೈದೇಹಿಯ ಕಡೆ ತಿರುಗಿದಳು. ವೈದೇಹಿ ಮೂಗಿನಿಂದ ಬಟ್ಟೆ ತೆಗೆದಳು. "ಆದರೆ ನನಗೆ ವಾಸನೆ ಬಂದಿತ್ತು," ಎಂದಳು, ಸಣ್ಣ ಧ್ವನಿಯಲ್ಲಿ. ಸುಳ್ಳು ಹೇಳುತ್ತಿರುವವಳಂತೆ ಅವಳು ಕಾಣಲಿಲ್ಲ. ಅವಳಿಗೆ ನಿಜಕ್ಕೂ ವಾಸನೆ ಬಂದಿರಬೇಕು. ಅದು ಇವ್ಲಿನ್‌ಗೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ಸಿಟ್ಟು ಇನ್ನೂ ಆಳಕ್ಕೆ ಇಳಿಯಿತು. ಸುಳ್ಳಾಗಿದ್ದರೆ ಕ್ಷಮಿಸಬಹುದಿತ್ತೇನೋ.

"ನೋಡಿ ವೈದೇಹಿ," ಎಂದಳು ಕನ್ನಡದಲ್ಲಿ, "ನಿಮಗೆ ಬಂದ ವಾಸನೆ ಮೀನಿನದ್ದಲ್ಲ. ನಮ್ಮದು."

ದೂರನ್ನು ವಜಾ ಮಾಡಿದ ಕಾಗದ ಎರಡು ಮನೆಗೂ ಬಂತು. ಕ್ರಿಸ್‌ಮಸ್ಸಿಗೆ ಮೊದಲು, ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಬ್ಬರೂ ಎದುರಾದರು. ಇವ್ಲಿನ್ ಯಂತ್ರದಿಂದ ಹಾಸಿಗೆಯ ಚಾದರ ತೆಗೆಯುತ್ತಿದ್ದಳು.

"ಆಂಟಿ, ಕೃತಿ ನಿಮ್ಮನ್ನ ಕೇಳ್ತಾನೇ ಇರ್ತಾಳೆ," ಎಂದಳು ವೈದೇಹಿ. "ಅತ್ತೆನೂ ವಾಪಸ್ ಹೋದ್ರು. ಆಗಿದ್ದು ಆಗೋಯ್ತು, ಬಿಟ್ಬಿಡೋಣ. ಇಲ್ಲಿ ಇರೋದೇ ನಾವು ಎರಡು ಮನೆ."

ಮಗುವಿನ ಹೆಸರು ಕೇಳಿ ಇವ್ಲಿನ್‌ಳ ಕೈ ಒಂದು ಗಳಿಗೆ ನಿಂತಿತು. ಮೂರು ಚಳಿಗಾಲ ಆ ಮಗುವಿಗೆ ಕೈಗವಸು ತೊಡಿಸಿದ್ದಳು. ವೈದೇಹಿ ಅಲ್ಲೇ ಕಾಯುತ್ತ ನಿಂತಳು. ತಪ್ಪಾಯಿತು ಎಂಬ ಒಂದು ಮಾತು ಬಂದಿದ್ದರೆ ಏನಾಗುತ್ತಿತ್ತೋ. ಅದು ಬರಲಿಲ್ಲ.

"ಆಗಿದ್ದು ತಾನಾಗಿ ಆದದ್ದಲ್ಲ, ನೀವು ಮಾಡಿದ್ದು," ಎಂದು ಇವ್ಲಿನ್ ಚಾದರವನ್ನು ಬುಟ್ಟಿಗೆ ತುರುಕಿದಳು. "ನಾನು ಬುಕ್ ಮಾಡಿದ ಸಮಯ ಮುಗ್ದಿದೆ. ಯಂತ್ರ ಖಾಲಿ ಉಂಟು, ಹಾಕ್ಕೊಳ್ಳಿ."

ಮೇಲೆ ಬಂದು ಅವಳು ಅತ್ತಳು. ಜೋಸೆಫ್ ಚಹಾ ಮಾಡಿ ಕೊಟ್ಟ. ಆದರೂ ಅವಳು ಪಕ್ಕದ ಬಾಗಿಲು ತಟ್ಟಲು ಹೋಗಲಿಲ್ಲ, ಆ ವಾರವೂ, ಆ ವರ್ಷವೂ. ಈಗಲೂ ಇಬ್ಬರೂ ಒಂದೇ ಲಿಫ್ಟಿನಲ್ಲಿ ಅಂಕಿಗಳನ್ನು ನೋಡುತ್ತ ಮೇಲೇರುತ್ತಾರೆ.

ಮೊನ್ನೆ ಅವಳು ಮಲ್ಪೆಯಲ್ಲಿರುವ ತಮ್ಮನಿಗೆ ಒಂದು ಲಕೋಟೆ ತುಂಬ ನೈಲಾನ್ ಚರ್ಮ ಕಳಿಸಿದ್ದಳು. ಚೂಪು ಹಲ್ಲಿನ ಅಂಜಲ್ ಮೀನು ಒಂದೇ ಕಡಿತಕ್ಕೆ ಚೂರನ್ನು ಎರಡು ತುಂಡು ಮಾಡಿತು ಎಂದು ಅವನು ಫೋನಿನಲ್ಲಿ ನಕ್ಕ. ಇವ್ಲಿನ್ ನಗಲಿಲ್ಲ. ಮರುದಿನವೇ ಅಂಗಡಿಗೆ ಹೋಗಿ, ಎಲ್ಲಕ್ಕಿಂತ ದಪ್ಪ ನೂಲಿನ ಚಳಿಗಾಲದ ಸ್ಟಾಕಿಂಗ್ಸ್ ಯಾವುದು ಎಂದು ಕೇಳಿ ಕೊಂಡು ತಂದಳು.