ಕಲಾಯಿ ಕಾಣದ ತಪ್ಪಲೆ

ಪುಟ್ಟಬಸಮ್ಮನಿಗೆ ಕರುಳೆಂಬುದಿರಲಿಲ್ಲ. ಮೈಸೂರಿನ ಸಂತೇಪೇಟೆಯ ಜನ ಇದನ್ನು ಚಾಡಿಯ ದನಿಯಲ್ಲಿ ಹೇಳುತ್ತಿರಲಿಲ್ಲ. ಅವಳ ಅಂಗಡಿ ಎಡಗಡೆಗೋ ಬಲಗಡೆಗೋ ಎಂದು ದಾರಿ ತೋರಿಸುವಷ್ಟೇ ಸಹಜವಾಗಿ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷ ಗಂಡ ಚನ್ನಬಸವಯ್ಯ ತೀರಿಕೊಂಡ. ಕಾರ್ಯ ಮುಗಿದ ಮಾರನೆಯ ಬೆಳಗ್ಗೆಯೇ ಹಣೆಗೆ ವಿಭೂತಿ ಧರಿಸಿ ಬಂದು ಪಾತ್ರೆ ಅಂಗಡಿಯ ಗಾದಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ತೂಗದೆ ಒಂದು ಸೌಟನ್ನೂ ಕೊಟ್ಟವಳಲ್ಲ. ಮಗ ಕರಿಬಸವಯ್ಯನಿಗೆ ಮದುವೆಯಾದ ಮೇಲೂ ಅವನ ಕೆಲಸ ಅಮ್ಮ ಹೇಳಿದ ಪಾತ್ರೆಯನ್ನು ಅಟ್ಟದಿಂದ ಇಳಿಸುವುದಷ್ಟೇ ಆಗಿತ್ತು.

ಸೊಸೆ ಪ್ರೇಮಲೀಲಾಳ ಮೊದಲ ಎರಡು ಮಕ್ಕಳು ಒಂದರ ಹಿಂದೊಂದು, ಮಾತು ಕಲಿಯುವ ಹೊತ್ತಿಗೆ, ಹೊಟ್ಟೆ ಊದಿಕೊಂಡು, ಕುಡಿದ ಹಾಲು ದಕ್ಕದೆ, ಕಣ್ಣು ಅರಿಶಿನವಾಗಿ ಸತ್ತವು. ಊರಿನಲ್ಲಿ ಅದನ್ನು ಲಿವರ್ ಕಾಯಿಲೆ ಎನ್ನುತ್ತಿದ್ದರು. ಹೆಸರಿಗಿಂತ ಹೆಚ್ಚಿನದು ಡಾಕ್ಟರರಿಗೂ ಗೊತ್ತಿರಲಿಲ್ಲ. ಎರಡನೆಯ ಮಗುವನ್ನು ಮಣ್ಣು ಮಾಡಿ ಬಂದ ದಿನವೇ ಪುಟ್ಟಬಸಮ್ಮ ಸಂಜೆಯ ವ್ಯಾಪಾರಕ್ಕೆ ಅಂಗಡಿ ತೆಗೆಸಿದಳು. ಅವಳ ಕಣ್ಣಲ್ಲಿ ನೀರು ಕಂಡವರಿಲ್ಲ.

ಆದರೆ ಮುಂದಿನ ವಾರ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದ ಪ್ರೊಫೆಸರ್ ವೆಂಕಟಸುಬ್ಬಯ್ಯನವರ ಎದುರು ಕೂತು, ಈ ಕಾಯಿಲೆ ಯಾತರಿಂದ ಬರುತ್ತದೆಂದು ಕಂಡುಹಿಡಿಯುವವರು ಯಾರಾದರೂ ಇದ್ದರೆ ತಾನು ಸಂಬಳ ಕೊಡುವುದಾಗಿ ಹೇಳಿದಳು. ಮಠದ ದಾಸೋಹಕ್ಕೆ ಕೊಡುವವರನ್ನು ಕಂಡಿದ್ದ ಪ್ರೊಫೆಸರರಿಗೆ ಇದು ಹೊಸದು. ಆ ಕಾಲದಲ್ಲಿ ಸರ್ಕಾರದ ದುಡ್ಡು ಮಲೇರಿಯಕ್ಕೆ ಇತ್ತು, ಕ್ಷಯಕ್ಕೆ ಇತ್ತು. ಮಕ್ಕಳ ಹೊಟ್ಟೆಗೆ ಇರಲಿಲ್ಲ. ಅದನ್ನು ಅಭ್ಯಾಸ ಮಾಡಹೊರಟ ಹೊಸಬರಿಗಂತೂ ಇರಲೇ ಇಲ್ಲ. ಅವರು ಮರುಮಾತಿಲ್ಲದೆ ಒಪ್ಪಿದರು, ಅವಳ ಷರತ್ತನ್ನೂ ಸೇರಿಸಿ. ಸಂಬಳವನ್ನು ಆಸ್ಪತ್ರೆಯ ಕಚೇರಿಗೆ ಕಟ್ಟುವುದಿಲ್ಲ. ತೆಗೆದುಕೊಳ್ಳುವವರು ತಿಂಗಳಿಗೊಮ್ಮೆ ಅಂಗಡಿಗೇ ಬಂದು, ಆ ತಿಂಗಳು ಏನು ಮಾಡಿದೆನೆಂದು ಹೇಳಿ ತೆಗೆದುಕೊಳ್ಳಬೇಕು.

ಹಾಗೆ ತೆಗೆದುಕೊಂಡವಳು ಶಾರದ. ಇಲವಾಲದ ರೈತ ಚಿಕ್ಕಣ್ಣನ ಮಗಳು, ಆ ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು. ಡಾಕ್ಟರಿ ಪಾಸಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಈ ವೇತನ ಇಲ್ಲದಿದ್ದರೆ ಯಾವುದೋ ತಾಲ್ಲೂಕಿನ ಡಿಸ್ಪೆನ್ಸರಿಗೆ ಹೋಗಬೇಕಿತ್ತು. ಅಲ್ಲಿ ಔಷಧಿ ಕೊಡುವುದಿತ್ತು, ಹುಡುಕುವುದಿರಲಿಲ್ಲ.

"ಏನ್ ಡಾಕ್ಟ್ರಮ್ಮ, ಈ ತಿಂಗ್ಳಾದ್ರೂ ಹುಳ ಸಿಕ್ತಾ?" ಗಿರಾಕಿಗಳ ಮುಂದೆಯೇ ಪುಟ್ಟಬಸಮ್ಮ ಕೇಳುತ್ತಿದ್ದಳು. ಕಾಯಿಲೆ ಎಂದರೆ ಹುಳವಿರಬೇಕು ಎಂಬುದು ಅವಳ ಲೆಕ್ಕ.

"ಹುಳ ಇದೆಯೋ ಇಲ್ವೋ ಅನ್ನೋದೇ ಇನ್ನೂ ಗೊತ್ತಿಲ್ಲಮ್ಮ."

"ಗೊತ್ತಿಲ್ದೆ ಇರಕ್ಕೂ ಸಂಬ್ಳ. ನೋಡ್ರಪ್ಪ, ನಾವೂ ಓದ್ಬೇಕಾಗಿತ್ತು ಕಣ್ರೀ."

ಗಿರಾಕಿಗಳು ನಗುತ್ತಿದ್ದರು. ಪುಟ್ಟಬಸಮ್ಮ ನೋಟುಗಳನ್ನು ಕೈಗೆ ಕೊಡುತ್ತಿರಲಿಲ್ಲ, ತಕ್ಕಡಿಯ ತಟ್ಟೆಯಲ್ಲಿ ಇಡುತ್ತಿದ್ದಳು. ಶಾರದ ಎತ್ತಿಕೊಳ್ಳುತ್ತಿದ್ದಳು. ಈ ಅವಮಾನವನ್ನು ಅವಳು ಕೆಲಸದ ಖರ್ಚಿಗೆ ಸೇರಿಸಿಕೊಂಡಿದ್ದಳು.

ವಾರ್ಡಿಗೆ ಬಂದ ಮಕ್ಕಳ ಮನೆಗಳಿಗೆ ಅವಳು ನಡೆದೇ ಹೋಗುತ್ತಿದ್ದಳು. ಮೊದಲು ಅವಳ ಗಮನಕ್ಕೆ ಬಂದದ್ದು ಈ ಕಾಯಿಲೆ ಯಾರಿಗೆ ಬರುವುದಿಲ್ಲ ಎಂಬುದು. ಕೂಲಿಯವರ ಮಕ್ಕಳು ಭೇದಿಯಿಂದ ಸಾಯುತ್ತಿದ್ದವು, ಹಸಿವಿನಿಂದ ಸಾಯುತ್ತಿದ್ದವು, ಇದರಿಂದ ಸಾಯುತ್ತಿರಲಿಲ್ಲ. ಇದು ಹಸು ಕಟ್ಟಿದವರ, ಮಡಿ ಮಾಡುವವರ, ಮಗುವಿಗೆ ಯಾವುದರಲ್ಲೂ ಕಡಿಮೆ ಮಾಡದವರ ಮನೆಯ ಕಾಯಿಲೆ. ಹಾಗಾದರೆ ಆ ಮನೆಗಳಲ್ಲಿ ಹೆಚ್ಚಾಗಿ ಇದ್ದದ್ದು ಏನು? ಇಲವಾಲದಲ್ಲಿ ಅವಳ ಅವ್ವ ಬೆರಣಿಯ ಬೆಂಕಿಯ ಮೇಲೆ ಮಣ್ಣಿನ ಮಡಕೆಯಲ್ಲಿ ಹಾಲು ಕಾಯಿಸುತ್ತಿದ್ದಳು. ಇಲ್ಲಿ ಹಿತ್ತಾಳೆಯ ತಪ್ಪಲೆ.

ಹಿತ್ತಾಳೆ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸಬೇಕೆಂಬುದು ಮೈಸೂರಿನ ಯಾವ ಹೆಂಗಸಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಕಲಾಯಿ ಇಲ್ಲದಿದ್ದರೆ ಹುಳಿ ಕಿಲುಬು ಹಿಡಿಯುತ್ತದೆ. ಆದರೆ ಅವಳು ನೋಡಿದ ಮನೆಗಳಲ್ಲಿ ಮಗುವಿನ ಹಾಲಿನ ತಪ್ಪಲೆಗೆ ಮಾತ್ರ ಕಲಾಯಿ ಇರಲಿಲ್ಲ. ಅದೇ ಹಾಲಿನಲ್ಲಿ ಮೊದಲು ಪೂಜೆಗೆ ತೆಗೆದಿಡಬೇಕು. ಕಲಾಯಿ ಹಾಕುವವರು ಸಾಬರು. ಅವರ ಕೈ ಸೋಕಿದ್ದು ಪೂಜೆಗೆ ಬರುವುದಿಲ್ಲ. ಹಾಗಾಗಿ ಆ ತಪ್ಪಲೆಯನ್ನು ಮನೆಯ ಹಿರಿಯಳೇ ದಿನಾ ಹುಣಸೆಹಣ್ಣು ಹಾಕಿ ಚಿನ್ನದ ಹಾಗೆ ಬೆಳಗುತ್ತಿದ್ದಳು, ಹಾಲು ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಬೆಚ್ಚಗೆ ಕೂತಿರುತ್ತಿತ್ತು. ಹುಳಿಗೆ ಸಿಕ್ಕ ಕಾವಲು ಹಸುಗೂಸಿನ ಹಾಲಿಗೆ ಸಿಗಲಿಲ್ಲ.

"ಒಳ್ಳೇ ಊಹೆ ಕಣಮ್ಮ," ಎಂದರು ವೆಂಕಟಸುಬ್ಬಯ್ಯನವರು. "ಆದ್ರೆ ಊಹೇನ ಯಾರೂ ಅಚ್ಚು ಹಾಕಲ್ಲ. ಹಿತ್ತಾಳೇಲಿರೋ ತಾಮ್ರ ಹಾಲಿಗೆ ಇಳಿಯುತ್ತಾ ನೋಡ್ಬೇಕು. ಸತ್ತ ಮಕ್ಕಳ ಲಿವರಲ್ಲಿ ಅದು ಎಷ್ಟಿದೆ ನೋಡ್ಬೇಕು. ಇನ್ನೂ ಎರಡು ವರ್ಷದ ಕೆಲ್ಸ ಇದು. ಆಯಮ್ಮನ್ನೇ ಕೇಳು, ಬೇರೆ ದಾರಿ ಇಲ್ಲ."

ಆ ತಿಂಗಳು ಶಾರದ ಗಿರಾಕಿಗಳು ಹೋಗುವ ತನಕ ಕಾದು ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಸುತ್ತ ಗೋಡೆಯುದ್ದಕ್ಕೂ ತಪ್ಪಲೆಗಳು ಒಂದರೊಳಗೊಂದು ಕೂತು ಹೊಳೆಯುತ್ತಿದ್ದವು. ಪುಟ್ಟಬಸಮ್ಮ ನಡುವೆ ಬಾಯಿ ಹಾಕಲಿಲ್ಲ. ಅದೇ ಶಾರದಳಿಗೆ ಭಯ ಹುಟ್ಟಿಸಿತು.

"ಅಂದ್ರೆ ನನ್ ಅಂಗ್ಡಿ ಪಾತ್ರೆ ವಿಷ."

"ಪಾತ್ರೆ ವಿಷ ಅಂತಲ್ಲಮ್ಮ. ಕಲಾಯಿ ಇಲ್ದೆ ಹಾಲು ಇಟ್ರೆ ಹಾಗಾಗ್ತಿರಬಹುದು ಅಂತ. ಖಾತ್ರಿ ಇಲ್ಲ. ಖಾತ್ರಿ ಮಾಡ್ಕೊಳ್ಳೋಕೇ ಇನ್ನಷ್ಟು ಕಾಲ ಕೇಳ್ತಿರೋದು."

"ನಮ್ಮನೇಲಿ ಆ ತಪ್ಲೆ ಬೆಳಗ್ತಿದ್ದೋರು ಯಾರು ಗೊತ್ತಾ?"

ಶಾರದ ಗೋಡೆಯ ತಪ್ಪಲೆಗಳಿಂದ ಅವಳ ಕಡೆ ತಿರುಗಿದಳು.

"ನಾನು ಕಣವ್ವ. ಸೊಸೆ ಕೈಗೆ ಕೊಡ್ತಿರ್ಲಿಲ್ಲ. ಅವ್ಳು ಸರ್ಯಾಗಿ ಉಜ್ಜಲ್ಲ ಅಂತ." ಪುಟ್ಟಬಸಮ್ಮ ಮಗನ ಕಡೆ ತಿರುಗಿ, "ಬಸವಯ್ಯ, ಆ ದೊಡ್ಡ ಕೊಳಗ ಇಳ್ಸು," ಎಂದಳು. ಕೊಳಗವನ್ನು ಯಾರೂ ಕೇಳಿರಲಿಲ್ಲ. ಅವನು ಇಳಿಸಿದ. ಅವಳು ಅದನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. "ಸಂಬ್ಳ ಇವತ್ತಿಗೆ ಮುಗೀತು. ನಿಮ್ ಪ್ರೊಫೆಸರ್‌ಗೂ ಹೇಳ್ಬುಡು."

"ಅಮ್ಮ, ನಿಮ್ಮ ಸೊಸೆ ಬಸುರಿ."

"ನನ್ ಸೊಸೆ. ನಂಗೊತ್ತಿಲ್ವಾ? ಹುಳ ಹುಡ್ಕು ಅಂತ ಸಂಬ್ಳ ಕೊಟ್ರೆ, ನೀನು ಬಂದು ನನ್ನೇ ಹುಡ್ಕಿ ಕೊಟ್ಟೆ. ಎದ್ದೋಗು."

ಆ ತಿಂಗಳ ನೋಟುಗಳನ್ನು ಎಂದಿನಂತೆ ತಟ್ಟೆಯಲ್ಲಿ ಇಟ್ಟಳು. ಶಾರದ ಎಂದಿನಂತೆ ಎತ್ತಿಕೊಂಡಳು.

ವೇತನದ ದುಡ್ಡು ಮಠದ ಅಡುಗೆಮನೆಗೆ ಕಲ್ಲು ಹಾಸಲು ಹೋಯಿತು. ಹೊಸಿಲ ಬಳಿ ಪುಟ್ಟಬಸಮ್ಮನ ಹೆಸರನ್ನೂ ಕೆತ್ತಿದರು. ವೆಂಕಟಸುಬ್ಬಯ್ಯನವರು ಬೇರೆ ಕಡೆ ಪ್ರಯತ್ನ ಮಾಡಿದರು. ಕಾರಣವೇ ಖಚಿತವಿಲ್ಲದ ಕೆಲಸಕ್ಕೆ, ಅದೂ ನಿನ್ನೆ ಮೊನ್ನೆ ಪಾಸಾದ ಹುಡುಗಿಗೆ, ಕೊಡುವವರಿರಲಿಲ್ಲ. ಮಾರನೆಯ ವರ್ಷ ಅವರೂ ನಿವೃತ್ತರಾದರು. ಶಾರದ ಹೆಗ್ಗಡದೇವನಕೋಟೆಯ ಕಡೆಯ ಒಂದು ಡಿಸ್ಪೆನ್ಸರಿಗೆ ಹೋದಳು. ಅಲ್ಲಿ ಹೆರಿಗೆ, ಚಳಿಜ್ವರ, ಹಾವು ಕಚ್ಚಿದ್ದು. ಬಿಡುವಾದಾಗ ಅವಳು ಮೈಸೂರಿನ ವಾರ್ಡನ್ನು ನೆನೆಯುತ್ತಿದ್ದಳು. ಅಲ್ಲಿ ಹಳದಿ ಕಣ್ಣಿನ ಮಕ್ಕಳು ಬರುತ್ತಲೇ ಇದ್ದವು, ಸಾಯುತ್ತಲೇ ಇದ್ದವು. ಪುಟ್ಟಬಸಮ್ಮ ಕರುಳಿಲ್ಲದವಳೆಂದು ಸಂತೇಪೇಟೆಯವರು ಆಡುತ್ತಿದ್ದ ಮಾತನ್ನು ಶಾರದ ತನ್ನ ಮಾತಾಗಿಸಿಕೊಂಡದ್ದು ಆ ವರ್ಷಗಳಲ್ಲಿ. ಕಾಡಿನಂಚಿನ ಊರಿನಲ್ಲಿ ಆ ತೀರ್ಪನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ.

ಅರವತ್ಮೂರರಲ್ಲಿ ಅವಳಿಗೆ ಮೈಸೂರಿಗೆ ವರ್ಗವಾಯಿತು. ಹೊಸ ಮನೆಗೆ ಒಂದು ನೀರಿನ ಹಂಡೆ ಬೇಕಿತ್ತು. ಊರಲ್ಲಿ ಬೇರೆ ಅಂಗಡಿಗಳಿದ್ದವು. ಅವಳು ಸಂತೇಪೇಟೆಗೇ ಹೋದಳು.

ಪುಟ್ಟಬಸಮ್ಮ ಗಾದಿಯ ಮೇಲೆಯೇ ಇದ್ದಳು, ಇನ್ನಷ್ಟು ಕುಗ್ಗಿ. ಶಾರದಳನ್ನು ನೋಡಿ, ಗುರುತು ಹಿಡಿದಳೋ ಇಲ್ಲವೋ ತೋರಗೊಡದೆ, "ಹಂಡೇನಾ? ಬಸವಯ್ಯ, ತೋರ್ಸು," ಎಂದಳು. ಅಂಗಡಿಯ ಮೆಟ್ಟಿಲ ಮೇಲೆ ಸ್ಕೂಲಿನ ಲಂಗ ತೊಟ್ಟ ಹುಡುಗಿಯೊಂದು ಕಡಲೆಮಿಠಾಯಿ ಕಡಿಯುತ್ತಿತ್ತು. ಮುಖ ಪ್ರೇಮಲೀಲಾಳದೇ. ಶಾರದ ರೂಢಿಯಂತೆ ಮೊದಲು ಅದರ ಕಣ್ಣಿನ ಬಿಳಿಯನ್ನು, ಆಮೇಲೆ ಹೊಟ್ಟೆಯನ್ನು ನೋಡಿದಳು. ಎರಡೂ ಚೆನ್ನಾಗಿದ್ದವು.

"ನಮ್ಮ ಮೂರ್ನೇದು ಡಾಕ್ಟ್ರೆ," ಎಂದ ಕರಿಬಸವಯ್ಯ, ಹಂಡೆ ಇಳಿಸುವ ನೆಪದಲ್ಲಿ ಹತ್ತಿರ ಬಂದು, ದನಿ ತಗ್ಗಿಸಿ. "ಇದು ಹುಟ್ಟಿದ್ ದಿನಾನೇ ಅಮ್ಮ ಆ ತಪ್ಲೇನ ಅಟ್ಟಕ್ಕೆ ಹಾಕ್ಬುಟ್ರು. ಇದಕ್ಕೆ ಮಡಕೇಲೇ ಹಾಲು ಕಾಸಿದ್ದು. ಯಾಕೆ ಅಂತ ಕೇಳೋ ಹಂಗಿಲ್ಲ."

ಒಂದು ಮಗು ಬದುಕಿದ್ದು ಪುರಾವೆಯಲ್ಲ. ಶಾರದಳಿಗೆ ಅದು ಗೊತ್ತಿತ್ತು. ಆದರೆ ಇನ್ನೊಂದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ: ಮುದುಕಿ ತನ್ನ ಮಾತನ್ನು ನಂಬಿದ್ದಳು. ನಂಬಿಯೇ ಸಂಬಳ ನಿಲ್ಲಿಸಿದ್ದಳು. ತನ್ನ ಮನೆಗೆ ಮಡಕೆ, ಊರಿಗೆ ಹಿತ್ತಾಳೆ. ಇಷ್ಟು ವರ್ಷ ತಾನು ಹೊತ್ತು ತಿರುಗಿದ ತೀರ್ಪು ಕಠಿಣವಾಯಿತೆಂದು ಎಂದಾದರೂ ಅನ್ನಿಸಿದ್ದರೆ, ಅದೂ ಈಗ ಹೋಯಿತು. ಹಂಡೆ ಬೇಡವೆಂದು ಹೇಳಿ ಎದ್ದುಬಿಡಬೇಕೆಂದುಕೊಂಡಳು.

ಅಷ್ಟರಲ್ಲಿ ಕಂಕುಳಲ್ಲಿ ಎಳೆಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಒಂದು ಪುಟ್ಟ ತಪ್ಪಲೆಯನ್ನು ಆರಿಸಿ ತಂದು ತಕ್ಕಡಿಯಲ್ಲಿ ಇಟ್ಟಳು.

"ಯಾತಕ್ಕವ್ವ ಇದು?" ಎಂದಳು ಪುಟ್ಟಬಸಮ್ಮ.

"ಮಗೀಗೆ ಹಾಲು ಕಾಸಕ್ಕೆ ಅಮ್ಮಾವ್ರೆ. ನಮ್ಮತ್ತೆ ಹೇಳಿ ಕಳ್ಸಿದ್ರು, ನಿಮ್ಮಂಗ್ಡೀದೇ ಆಗ್ಬೇಕು ಅಂತ."

ಪುಟ್ಟಬಸಮ್ಮ ಆ ತಪ್ಪಲೆಯನ್ನು ತಕ್ಕಡಿಯಿಂದ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಳು. ಗಾದಿಯ ಮಗ್ಗುಲಿಂದ ಅದೇ ಅಳತೆಯ ಇನ್ನೊಂದನ್ನು ಎಳೆದಳು. ಅದರ ಒಳಮೈ ಬೆಳ್ಳಗಿತ್ತು.

"ಕಲಾಯಿ ಹಾಕಿದ್ದಾ? ಅಯ್ಯೋ, ಪೂಜೆ ಹಾಲು ಇಡೋದು ಅಮ್ಮಾವ್ರೆ. ನಮ್ಮತ್ತೆ ಒಳಕ್ಕೇ ಸೇರ್ಸಲ್ಲ."

"ನಿಮ್ಮತ್ತೆಗೆ ಹೇಳು. ಪುಟ್ಟಬಸಮ್ಮನ ಮನೇಲಿ ಪೂಜೆ ಹಾಲು ಇಡೋದೂ ಸಾಬ್ರು ಕಲಾಯಿ ಹಾಕಿದ್ರಲ್ಲೇ ಅಂತ ಹೇಳು."

ಅಂಗಡಿಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಒಬ್ಬಳು ಕೈಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದಳು. ಪುಟ್ಟಬಸಮ್ಮ ಅವಳ ಕಡೆ ನೋಡಲಿಲ್ಲ, ಶಾರದಳ ಕಡೆಯೂ ನೋಡಲಿಲ್ಲ. ತಪ್ಪಲೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ತೂಗದೆಯೇ, ಕೂಸಿನ ತಾಯಿಯ ಕೈಗೆ ಕೊಟ್ಟಳು.