ಹಳದಿ ಜೆರ್ಸಿಯ ತಂಡ ಯಾರದು?

ಎಂಬತ್ತರ ದಶಕದ ಕೊನೆಯಲ್ಲಿ ನಾನು ನೈರೋಬಿಯ ನ್ಗಾರಾ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಶನಿವಾರ ಊಟ ಮುಗಿಸಿ, ಅಲ್ಲಿನ ಬಾಡಿಗೆ ವ್ಯಾನು ಮಟಾಟು ಹತ್ತಿ, ಹೆಂಗಸರ ವಾಲಿಬಾಲ್ ನೋಡಲು ಹೋಗುತ್ತೇನೆ ಅಂದರೆ ನಮ್ಮ ಕನ್ನಡದವರು ಯಾರೂ ನಂಬುತ್ತಿರಲಿಲ್ಲ. ಅವರ ಶನಿವಾರಗಳು ಬೇರೆ ಥರ. ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತು, ಇನ್ನೊಬ್ಬರ ಮನೆಯಲ್ಲಿ ಇಸ್ಪೀಟು. ಯೂನಿವರ್ಸಿಟಿಯಲ್ಲಿ ಲೆಕ್ಚರರ್ ಆಗಿದ್ದ ನನ್ನ ಗಂಡ ಮಾತ್ರ, "ಇವಳಿಗೆ ಕಂಬಳಿ ಹುಚ್ಚು" ಅಂತ ಸ್ನೇಹಿತರೆದುರು ನಗುತ್ತಿದ್ದರು.

ಆ ತಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಬಳಿ ಕಾರ್ಖಾನೆಯದು. ಹನ್ನೆರಡು ಹುಡುಗಿಯರು. ಹಗಲಿಡೀ ಮಗ್ಗದ ಮುಂದೆ, ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಕೆಲಸ ಮಾಡಿ, ನಾಲ್ಕು ಗಂಟೆಯ ಮೇಲೆ ಕಾರ್ಖಾನೆಯ ಹಿಂಭಾಗದ ಸಿಮೆಂಟ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಪಕ್ಕದಲ್ಲೇ ಬಣ್ಣ ಹಾಕುವ ಶೆಡ್ಡು. ಚರಂಡಿಯಲ್ಲಿ ಒಂದು ದಿನ ನೀಲಿ ನೀರು, ಒಂದು ದಿನ ಕೆಂಪು. ಚೆಂಡು ಅದರೊಳಗೆ ಬಿದ್ದರೆ ಆ ದಿನದ ಬಣ್ಣ ಹತ್ತಿಸಿಕೊಂಡೇ ಬರುತ್ತಿತ್ತು.

ನನ್ನನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವಳು ನಮ್ಮ ಶಾಲೆಯ ಸೆಕ್ರೆಟರಿ. ನನ್ನದೇ ವಯಸ್ಸಿನವಳು, ದೇಶದ ಪಶ್ಚಿಮ ಭಾಗದ ಹಳ್ಳಿಯೊಂದರಿಂದ ನೈರೋಬಿಗೆ ಬಂದವಳು. ಅವಳ ತಂಗಿ ಆ ತಂಡದ ಸೆಟ್ಟರ್, ಅಂದರೆ ಬಂದ ಚೆಂಡನ್ನು ಬೆರಳತುದಿಯಿಂದ ಎತ್ತಿ ಹೊಡೆಯುವವಳ ಕೈಗೆ ಸರಿಯಾಗಿ ಒದಗಿಸುವವಳು. ಮೈಸೂರಿನ ಕಾಲೇಜಿನಲ್ಲಿ ನಾನು ಥ್ರೋಬಾಲ್ ಆಡಿದ್ದೆ. ಅಲ್ಲಿ ಚೆಂಡನ್ನು ಹಿಡಿದು, ಉಸಿರು ತೆಗೆದುಕೊಂಡು ಎಸೆಯಬಹುದು. ಇಲ್ಲಿ ಹಿಡಿಯುವಂತೆಯೇ ಇಲ್ಲ. ಆ ಹುಡುಗಿ ಮೇಲೆ ನೋಡುತ್ತಾ, ಹಿಂದೆ ಯಾರು ಓಡಿಬರುತ್ತಿದ್ದಾರೆ ಅಂತ ನೋಡದೆಯೇ ಚೆಂಡು ಕಳಿಸುತ್ತಿದ್ದಳು. ಮೊದಲ ದಿನವೇ ನಾನು ಮನಸೋತುಹೋದೆ. ಮುಂದಿನ ಶನಿವಾರ ನಾನೇ ಸೆಕ್ರೆಟರಿಯನ್ನು ಕೇಳಿದೆ, "ಎಷ್ಟು ಗಂಟೆಗೆ ಹೊರಡೋಣ?"

ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ಈಗ ನೆನಪಿಸಿಕೊಂಡರೆ ಅವಳ ಮಾತೆಲ್ಲ ನನಗೆ 'ನೀನು, ನಿನಗೆ' ಅಂತಲೇ ಕೇಳುತ್ತದೆ. ಅಷ್ಟು ಸಲಿಗೆ ಬೆಳೆದಿತ್ತು.

ಕಾರ್ಖಾನೆಯ ಯಜಮಾನರದು ಎರಡು ತಲೆಮಾರಿನ ಹಿಂದೆ ಬಂದು ನೆಲೆಸಿದ ಗುಜರಾತಿ ಮನೆತನ. ಅವರೇ ಈ ತಂಡ ಕಟ್ಟಿದ್ದು. ಪ್ರತಿ ಪಂದ್ಯಕ್ಕೂ ಮಡಚುವ ಕುರ್ಚಿ, ಟೀ ಫ್ಲಾಸ್ಕ್ ಸಮೇತ ಬಂದು ಕೋರ್ಟಿನ ಮುಂದೆಯೇ ಕೂರುತ್ತಿದ್ದರು. ಮಾತು ಕಡಿಮೆ. ಗೆದ್ದರೆ ಎದ್ದು ನಿಂತು ಹನ್ನೆರಡು ಜನರಿಗೂ ಕೈ ಮುಗಿಯುತ್ತಿದ್ದರು, ಸೋತರೂ ಅಷ್ಟೇ. ಅವರು ತೀರಿಕೊಂಡಾಗ ಕಾರ್ಖಾನೆಯ ಗೇಟಿನ ಮುಂದೆ ಜೋಳ ಸುಟ್ಟು ಮಾರುವ ಹೆಂಗಸು ಮೂರು ದಿನ ಒಲೆ ಹಚ್ಚಲಿಲ್ಲ.

ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕಾರ್ಖಾನೆ ನೋಡಿಕೊಳ್ಳುತ್ತಿದ್ದ. ಚಿಕ್ಕವನಿಗೆ ಕಾರ್ಖಾನೆಯಲ್ಲಿ ಮನಸ್ಸಿರಲಿಲ್ಲ, ಅಪ್ಪನ ಜೊತೆ ತಂಡದ ಓಡಾಟವೆಲ್ಲ ಅವನದು. ಅಪ್ಪ ಇರುವವರೆಗೆ ಈ ಏರ್ಪಾಡು ಸರಿಯಾಗಿಯೇ ಇತ್ತು. ಹೋದ ಮೇಲೆ ಅಣ್ಣತಮ್ಮಂದಿರಿಗೆ ಆಸ್ತಿಯ ವಿಷಯದಲ್ಲಿ ಏನೋ ಬಿರುಕು ಬಂತು. ಅದರ ಒಳಗಿನ ವಿವರ ನಮಗೆ ಗೊತ್ತಿಲ್ಲ. ಗೊತ್ತಾಗಿದ್ದು ಇಷ್ಟೇ: ಒಂದು ಸೋಮವಾರ ದೊಡ್ಡವನು ಕೋರ್ಟಿನ ಗೇಟಿಗೆ ಬೀಗ ಹಾಕಿಸಿದ. ಚಿಕ್ಕವನು ಜೆರ್ಸಿ, ಚೆಂಡು, ನೆಟ್ಟು, ತಂಡದ ನೋಂದಣಿ ಕಾಗದ ಎಲ್ಲವನ್ನೂ ತನ್ನ ಕಾರಿಗೆ ತುಂಬಿಕೊಂಡು ಹೋದ.

ಆದರೂ ಆ ಶನಿವಾರ ಲೀಗ್ ಪಂದ್ಯಕ್ಕೆ ನಾವು ಸ್ಪೋರ್ಟ್ಸ್ ಹಾಲಿಗೆ ಹೋದೆವು. ಹುಡುಗಿಯರು ಹಳದಿ ಜೆರ್ಸಿ ಹಾಕಿಕೊಂಡು ವಾರ್ಮ್ ಅಪ್ ಮಾಡುತ್ತಿದ್ದರು. ಚಿಕ್ಕವನು ಬೆಂಚಿನ ಪಕ್ಕ ನಿಂತಿದ್ದ. ಶುರುವಾಗಲು ಐದು ನಿಮಿಷ ಇದೆ ಅನ್ನುವಾಗ ದೊಡ್ಡವನ ಕಡೆಯ ಮ್ಯಾನೇಜರ್ ಬಂದು ಅಂಪೈರ್ ಕೈಗೆ ಒಂದು ಪತ್ರ ಕೊಟ್ಟ. ಅಂಪೈರ್ ಎರಡು ಸಲ ಓದಿದರು. ಆಮೇಲೆ ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ ಹೇಳಿದರು: ತಂಡದ ಹೆಸರು ಕಾರ್ಖಾನೆಯ ಆಸ್ತಿ, ಮಾಲೀಕರ ಒಪ್ಪಿಗೆ ಇಲ್ಲದೆ ಈ ಹೆಸರಿನಲ್ಲಿ ಆಡುವಂತಿಲ್ಲ, ಪಂದ್ಯ ಎದುರಾಳಿಗೆ.

ಹುಡುಗಿಯರು ಕೋರ್ಟಿನಲ್ಲೇ ನಿಂತಿದ್ದರು. ಸೆಟ್ಟರ್ ಹುಡುಗಿಯ ಕೈಯಲ್ಲಿ ಚೆಂಡಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಸುತ್ತ ನೋಡಿದಳು.

ಗ್ಯಾಲರಿಯಲ್ಲಿ ನಾವು ನೂರು ಜನರಿಗೆ ಕಡಿಮೆಯಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. "ದೊಡ್ಡವನದೇ ತಪ್ಪು, ಬೀಗ ಹಾಕಿದವನು ಅವನು" ಅಂದರು ಕೆಲವರು. "ಚಿಕ್ಕವನು ಜೆರ್ಸಿ ಕದ್ದುಕೊಂಡು ಹೋಗಿದ್ದೇಕೆ?" ಅಂದರು ಇನ್ನು ಕೆಲವರು. ಕಾರ್ಖಾನೆಯ ಕೆಲಸಗಾರರು ಮಾತ್ರ ಬಾಯಿ ಬಿಡಲಿಲ್ಲ; ಮ್ಯಾನೇಜರ್ ಅಲ್ಲೇ ನಿಂತು ಯಾರ್ಯಾರು ಬಂದಿದ್ದಾರೆ ಅಂತ ನೋಡುತ್ತಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಗಂಡಸು ನನ್ನ ಕಡೆ ಕೈ ತೋರಿಸಿ ಸ್ವಾಹಿಲಿಯಲ್ಲಿ ಕೂಗಿದ, "ಈ ಮುಹಿಂದಿ ಅಮ್ಮನನ್ನೇ ಕೇಳಿ. ಅವಳ ಜನವೇ ಅಲ್ಲವಾ!"

ಮುಹಿಂದಿ ಅಂದರೆ ಇಂಡಿಯಾದವಳು. ಎರಡು ವರ್ಷ ಅದೇ ಜಾಗದಲ್ಲಿ ಕೂತು, ಅವರ ಜೊತೆ ಕೂಗಿ, ಅವರ ಕೈಯಿಂದ ಕಡಲೆಕಾಯಿ ತಿಂದಿದ್ದೆ. "ಅವರು ನನ್ನ ಜನ ಅಲ್ಲ, ಅವರ ಭಾಷೆಯೂ ನನಗೆ ಬರಲ್ಲ" ಅಂದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸೆಕ್ರೆಟರಿ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಹೊರಗೆ ಮರದ ಕೆಳಗೆ ನಿಂತಿದ್ದಾಗ ಬಣ್ಣದ ಶೆಡ್ಡಿನ ಮುದುಕ ಮೇಸ್ತ್ರಿ ನಮ್ಮ ಹತ್ತಿರ ಬಂದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ ಉಳಿದಿರುತ್ತಿದ್ದ ಆ ಮನುಷ್ಯ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. "ಮ್ವಾಲಿಮು," ಅಂದರು. ಮೇಷ್ಟ್ರು ಅನ್ನುವುದಕ್ಕೆ ಅಲ್ಲಿನ ಮಾತು. "ಆ ಅಣ್ಣತಮ್ಮಂದಿರಿಗೆ ಹೇಳಿ ಪ್ರಯೋಜನ ಇಲ್ಲ. ಅವರ ತಾಯಿ ಇದ್ದಾರೆ, ಲೊರೆಶೋ ಬಡಾವಣೆಯಲ್ಲಿ. ಹೋಗಿ ಕೇಳೋಣ. ನೀವು ಬಂದರೆ ಗೇಟು ತೆಗೀತಾರೆ."

ಕೊನೆಯ ಮಾತನ್ನು ಅವರು ಚುಚ್ಚಿ ಹೇಳಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದರು.

ಮರುದಿನ ಭಾನುವಾರ ಬೆಳಿಗ್ಗೆ ನಾವು ಮೂವರೂ ಹೋದೆವು. ಮೇಸ್ತ್ರಿ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಿದ್ದರು. ಮಟಾಟು ಇಳಿದು ಬಹಳ ದೂರ ನಡೆಯಬೇಕಿತ್ತು. ಎರಡೂ ಕಡೆ ಎತ್ತರದ ಬೇಲಿ, ಒಳಗೆ ನಾಯಿ ಬೊಗಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಸ್ತ್ರಿ ಅಂದ ಹಾಗೆಯೇ ಆಯಿತು. ಕಾವಲುಗಾರ ನನ್ನ ಮುಖ ನೋಡಿ ಏನೂ ಕೇಳದೆ ಗೇಟು ತೆರೆದ.

ಯಜಮಾನರ ಹೆಂಡತಿ ಬಿಳಿ ಸೀರೆಯಲ್ಲಿ ಬಾಗಿಲಿಗೆ ಬಂದರು. ನಾನು ನನ್ನ ಹರಕುಮುರುಕು ಹಿಂದಿಯಲ್ಲಿ, ವಾಲಿಬಾಲ್ ತಂಡದ ವಿಷಯ ಮಾತಾಡಬೇಕಿತ್ತು ಅಂದೆ. ಅವರು ನನ್ನ ಕೈ ಹಿಡಿದು, "ಒಳಗೆ ಬಾ ಬೇಟಿ" ಅಂದರು. ಆಮೇಲೆ ನನ್ನ ಹೆಗಲಾಚೆ ನೋಡಿ, ಜಗಲಿಯ ಬೆಂಚು ತೋರಿಸಿ, ಅವರಿಬ್ಬರಿಗೆ ಸ್ವಾಹಿಲಿಯಲ್ಲಿ ಕೂತಿರಿ ಅಂದರು. ಒರಟಾಗಿಯೇನೂ ಅಲ್ಲ.

ನಾನು ಒಳಗೆ ಹೋದೆ.

ಇದನ್ನು ಬರೆಯಲು ಕಷ್ಟವಾಗುತ್ತಿದೆ. 'ಅವರೂ ಬರಲಿ' ಅನ್ನಬಹುದಿತ್ತು. 'ನಾನೂ ಇಲ್ಲೇ ಕೂರುತ್ತೇನೆ' ಅನ್ನಬಹುದಿತ್ತು. ಎರಡೂ ಅನ್ನಲಿಲ್ಲ. ಕೆಲಸ ಆದರೆ ಸಾಕು ಅಂತ ನನಗೆ ನಾನೇ ಹೇಳಿಕೊಂಡೆ.

ಒಳಗೆ ಅವರು ನನಗೆ ಏಲಕ್ಕಿ ಟೀ ಕೊಟ್ಟರು. ನಾನು ಬೀಗದ ವಿಷಯ, ಪತ್ರದ ವಿಷಯ, ಹುಡುಗಿಯರು ಕೋರ್ಟಿನಲ್ಲಿ ನಿಂತಿದ್ದ ವಿಷಯ ಎಲ್ಲ ಹೇಳಿದೆ. ಅವರು ಕೇಳಿದರು, "ಅವರು ಚೆನ್ನಾಗಿ ಆಡ್ತಾರಾ?"

"ನೀವು ನೋಡಿಲ್ವಾ?"

"ನನ್ನನ್ನೂ ಕರೆದುಕೊಂಡು ಹೋಗಿ ಅಂತ ಒಂದು ಸಲ ಕೇಳಿದ್ದೆ. ಅಲ್ಲಿ ಹೆಂಗಸರು ಕೂರೋಕೆ ಜಾಗ ಇಲ್ಲ ಅಂದರು ನಮ್ಮವರು."

ಆ ಗ್ಯಾಲರಿಯಲ್ಲಿ ಅರ್ಧಕ್ಕರ್ಧ ಹೆಂಗಸರೇ ಇರುತ್ತಿದ್ದೆವು. ಅದನ್ನು ಹೇಳಲಿಲ್ಲ. ಮಕ್ಕಳಿಬ್ಬರೂ ತನ್ನ ಮಾತು ಕೇಳುವುದಿಲ್ಲ, ಊಟಕ್ಕೂ ಒಟ್ಟಿಗೆ ಕೂರುವುದಿಲ್ಲ ಅಂತ ಆಕೆ ಹೇಳಿಕೊಂಡರು. ಕೊನೆಗೆ, "ಒಂದು ದಿನಕ್ಕೆ ಬೀಗ ತೆಗೆಸ್ತೀನಿ. ಅಷ್ಟು ನನ್ನ ಕೈಲಾಗುತ್ತೆ. ನಾನೂ ಬಂದು ನೋಡ್ತೀನಿ" ಅಂದರು.

ಹೊರಗೆ ಬಂದಾಗ ಮೇಸ್ತ್ರಿ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಸೆಕ್ರೆಟರಿ ನಿಂತೇ ಇದ್ದಳು. ಸುದ್ದಿ ಹೇಳಿದೆ. ಮೇಸ್ತ್ರಿ "ಅಸಾಂಟೆ" ಅಂತ ಥ್ಯಾಂಕ್ಸ್ ಹೇಳಿ ನನ್ನ ಕೈ ಕುಲುಕಿದರು. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಸೋಮವಾರ ಶಾಲೆಯಲ್ಲಿ ನಾನೇ ಅವಳ ಟೈಪ್‌ರೈಟರ್ ಪಕ್ಕ ಹೋಗಿ ನಿಂತೆ.

"ನಿನಗೆ ಬೇಜಾರಾಗಿದೆ."

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಆ ಅಮ್ಮ ಹಾಗೆ ಮಾಡ್ತಾರೆ ಅಂತ ನನಗೆ ಗೊತ್ತಿತ್ತು. ಅವರ ಮೇಲೆ ನನಗೇನೂ ಇಲ್ಲ. ನೀನು ಒಂದು ಸಲ ತಿರುಗಿ ನೋಡ್ತೀಯ ಅಂತ ಕಾದೆ."

"ತಪ್ಪಾಯ್ತು" ಅಂದೆ.

"ಹೌದು" ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಮತ್ತೆ ಟೈಪ್ ಮಾಡಲು ತೊಡಗಿ, "ಶನಿವಾರ ಎಷ್ಟು ಗಂಟೆಗೆ?" ಅಂದಳು.

ಆ ಶನಿವಾರ ಕೋರ್ಟಿನ ಬೀಗ ತೆಗೆದಿತ್ತು. ಎದುರಾಳಿ ಯಾರೂ ಇಲ್ಲ. ಹುಡುಗಿಯರೇ ಆರಾರು ಜನರಾಗಿ ಎರಡು ಕಡೆ ನಿಂತರು. ಕಾರ್ಖಾನೆಯ ಕೆಲಸಗಾರರು ಹೆದರಿಕೆ ಬಿಟ್ಟು ಬಂದಿದ್ದರು. ಜಾಗ ಸಾಲದೆ ಕೆಲವರು ನೂಲಿನ ಮೂಟೆಗಳ ಮೇಲೆ ಹತ್ತಿ ಕೂತರು. ಹಿಂದಿನ ವಾರ ನನ್ನತ್ತ ಕೈ ತೋರಿಸಿ ಕೂಗಿದ್ದವನೂ ಇದ್ದ. ನನ್ನನ್ನು ನೋಡಿ ತಲೆಯಾಡಿಸಿದ, ನಾನೂ ತಲೆಯಾಡಿಸಿದೆ. ತಾಯಿ ಕಾರಿನಿಂದ ಇಳಿದು ಬಂದಾಗ ಮೇಸ್ತ್ರಿ ಒಂದು ಸ್ಟೂಲು ತಂದಿಟ್ಟರು. ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತ. ತಮ್ಮ, ತಾನೇ ತಂದು ಕಟ್ಟಿದ್ದ ನೆಟ್ಟಿನ ಆಚೆ ತುದಿಯಲ್ಲಿ.

ಅಷ್ಟು ಚೆನ್ನಾದ ಆಟವನ್ನು ನಾನು ಲೀಗಿನಲ್ಲೂ ನೋಡಿರಲಿಲ್ಲ. ಎರಡೂ ಕಡೆ ನಮ್ಮವರೇ ಆದ್ದರಿಂದ ಯಾರಿಗೆ ಚಪ್ಪಾಳೆ ಹೊಡೆಯಬೇಕೆಂದು ತಿಳಿಯದೆ ಎಲ್ಲದಕ್ಕೂ ಹೊಡೆದೆವು. ತಾಯಿಗೆ ಆಟದ ನಿಯಮ ಗೊತ್ತಿರಲಿಲ್ಲ. ಸೆಕ್ರೆಟರಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ವಾಹಿಲಿಯಲ್ಲಿ ಹೇಳಿಕೊಟ್ಟಳು: ಮೂರೇ ಸಲ ಮುಟ್ಟಬಹುದು, ಎತ್ತಿ ಕೊಡುವ ಆ ಕುಳ್ಳಿ ನನ್ನ ತಂಗಿ. ಸ್ವಲ್ಪ ಹೊತ್ತಿನಲ್ಲಿ ತಾಯಿ ಆ ಹುಡುಗಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಸೆಕ್ರೆಟರಿಯ ಭುಜದ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದ್ದರು. ನಾನು ದೂರದಿಂದ ನೋಡಿದೆ. ಹತ್ತಿರ ಹೋಗಬೇಕು ಅನ್ನಿಸಲಿಲ್ಲ.

ಆಟ ಮುಗಿದ ಮೇಲೆ ಮೇಸ್ತ್ರಿ ಎದ್ದು ನಿಂತು, ಅಣ್ಣತಮ್ಮಂದಿರಿಬ್ಬರಿಗೂ ಕೇಳುವ ಹಾಗೆ ಹೇಳಿದರು, "ಕಾರ್ಖಾನೆ ನಿಮ್ಮದು, ಹೆಸರು ನಿಮ್ಮದು. ಅದನ್ನು ಕೇಳೋಕೆ ನಾವು ಬಂದಿಲ್ಲ. ಈ ಮಕ್ಕಳು ಆಡೋದನ್ನ ನಿಲ್ಲಿಸಬೇಡಿ."

ತಾಯಿ ಅಳುತ್ತಿದ್ದರು. ದೊಡ್ಡವನು ಅವರನ್ನು ಕಾರಿಗೆ ಹತ್ತಿಸಿದ. ಚಿಕ್ಕವನು ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ.

ಅಲ್ಲಿಗೆ ರಾಜಿಯಾಯಿತು ಅಂತ ಬರೆಯಲು ನನಗೂ ಆಸೆ. ಆಗಲಿಲ್ಲ. ಸೋಮವಾರ ಮತ್ತೆ ಬೀಗ ಬಿತ್ತು. ಕೆಲವು ತಿಂಗಳಾದ ಮೇಲೆ ವಕೀಲರ ಮೂಲಕ ಪಾಲಾಯಿತು. ಹೆಸರು ದೊಡ್ಡವನ ಕಡೆಗೇ ಹೋಯಿತು. ಹೆಸರು ಬಂದ ಮೇಲೆ ಅವನು ತಂಡವನ್ನೇ ಮುಚ್ಚಿದ. ಚಿಕ್ಕವನು ಬೇರೆ ದೇಶಕ್ಕೆ ಹೋದ ಅಂತ ಕೇಳಿದೆ. ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುತ್ತಾರೆಂದು ನಾವು ಹೆದರಿದ್ದೆವು. ತೆಗೆಯಲಿಲ್ಲ. ತಾಯಿ ಹೇಳಿರಬೇಕು.

ಹುಡುಗಿಯರಲ್ಲಿ ಐದು ಜನ ಆಟ ಬಿಟ್ಟು ಕಾರ್ಖಾನೆಯಲ್ಲೇ ಉಳಿದರು. ಒಬ್ಬಳು ಮದುವೆಯಾಗಿ ಊರಿಗೆ ಹೋದಳು. ಸೆಟ್ಟರ್ ಹುಡುಗಿಯೂ ಸೇರಿ ಆರು ಜನರನ್ನು ಒಂದು ಸರ್ಕಾರಿ ಸಂಸ್ಥೆಯ ತಂಡ ಕೆಲಸ ಕೊಟ್ಟು ಕರೆದುಕೊಂಡಿತು. ನಾವು ಎಷ್ಟೋ ಸಲ ಕೂಗಿ ಸೋಲಿಸಿದ್ದ ಎದುರಾಳಿ ತಂಡ ಅದು. ಮೇಸ್ತ್ರಿ ಮತ್ತೆ ಯಾವ ಪಂದ್ಯಕ್ಕೂ ಬರಲಿಲ್ಲ. "ಆ ಜೆರ್ಸಿಯ ಬಣ್ಣಕ್ಕೆ ನನ್ನ ಕೈ ಚಪ್ಪಾಳೆ ಹೊಡೆಯಲ್ಲ" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಪ್ರೀತಿಸಿದ್ದು ತಂಡವನ್ನು. ನಾನು ಪ್ರೀತಿಸಿದ್ದು ಆ ಹುಡುಗಿಯ ಬೆರಳುಗಳನ್ನು ಇರಬೇಕು. ಆ ಗಲಾಟೆ ಆಗುವವರೆಗೆ ಇವೆರಡೂ ಬೇರೆ ಬೇರೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಲೀಗ್ ಶುರುವಾದಾಗ ನಾನೂ ಸೆಕ್ರೆಟರಿಯೂ ಹೊಸ ತಂಡದ ಗ್ಯಾಲರಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಅಲ್ಲಿನ ಅಭಿಮಾನಿಗಳಿಗೆ ನಮ್ಮ ಮುಖ ಗೊತ್ತಿತ್ತು. ಒಬ್ಬಾಕೆ ತಿರುಗಿ, "ನೀವು ಕಂಬಳಿಯವರಲ್ಲವಾ? ಇಲ್ಲೇನು ಮಾಡ್ತಿದೀರಿ?" ಅಂದಳು.

"ತಂಗಿಯನ್ನ ನೋಡೋಕೆ ಬಂದಿದೀನಿ" ಅಂದಳು ಸೆಕ್ರೆಟರಿ.

"ಇವರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, "ಇವಳು ನನ್ನ ಜೊತೆ ಬಂದವಳು."

ಆಕೆ ಸ್ವಲ್ಪ ಸರಿದು ಕೂತು ನಮಗೆ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟಳು. ಅಷ್ಟರಲ್ಲಿ ಅಂಪೈರ್ ಸೀಟಿ ಊದಿದರು.