ಕಾಣದ ಹಸಿರು ಬಟನ್ನು

ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ, ಎದುರುಮನೆಯವಳು ಯಾವ ಸೀರೆ ಉಟ್ಟಳೆಂದೂ ಹೇಳುತ್ತೇನೆ. ಆದರೂ ಈಚೆಗೆ ಕೆಲವು ದಿನ ಹಸಿರು ಬಟನ್ನೊಂದು ನನಗೆ ಕಾಣಲಿಲ್ಲ.

ಹಿರಿಯೂರಿನ ನಮ್ಮ ಮನೆಯಲ್ಲಿ ಜನಕ್ಕೆ ಬರವಿಲ್ಲ. ಮಗ ಸೊಸೆ ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮೊಮ್ಮಗಳು ರೂಪ ಮನೆಯಲ್ಲೇ ಇರುತ್ತಾಳೆ, ಅಂದರೆ ಮಹಡಿ ಕೋಣೆಯ ಬಾಗಿಲ ಹಿಂದೆ ಇರುತ್ತಾಳೆ. ಕಂಪನಿಗಳ ವೆಬ್‌ಸೈಟನ್ನು ನೋಡುವವರಿಗೆ ಸುಲಭವಾಗುವಂತೆ ತಿದ್ದುವುದು ಅವಳ ಕೆಲಸ. ಕಿವಿಗೆ ಸದಾ ಹೆಡ್‌ಫೋನು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುತ್ತೇನೆ. ಆಮೇಲೆ ಖಾಲಿ ತಟ್ಟೆ ಅಲ್ಲೇ ಸಿಗುತ್ತದೆ. ಹುತ್ತಕ್ಕೆ ಹಾಲೆರೆದು ಬಂದ ಹಾಗೆ.

ಒಂದು ದಿನ ಅವಳೇ ಕಂಪ್ಯೂಟರು ಹಿಡಿದು ಕೆಳಗಿಳಿದು ಬಂದಳು. ಮಾರಿಕಣಿವೆ ಅಣೆಕಟ್ಟಿನ ನೀರು ಕಾಣುವ ಹಾಗೆ ಭಾರಿ ಬಂಗಲೆ ಕಟ್ಟಿ ಮಾರುವ ಕಂಪನಿಯ ಕೆಲಸವಂತೆ.

“ಅಜ್ಜಿ, ಬಾ, ಕುಂತ್ಕ. ಏನೂ ಗೊತ್ತಿಲ್ದೋರಿಗೂ ಇದು ತಿಳೀಬೇಕು. ಅದಕ್ಕೆ ನೀನು ಬೇಕು.”

“ಅಂತೂ ಏನೂ ಗೊತ್ತಿಲ್ದೋಳಿಗೂ ಒಂದು ಕೆಲ್ಸ ಸಿಕ್ತು ಬಿಡು” ಎಂದೆ. ಬೇಜಾರೇನೂ ಆಗಲಿಲ್ಲ. ‘ಕುಂತ್ಕ’ ಎಂಬ ಮಾತು ಕೇಳಿ ಬಹಳ ದಿನವಾಗಿತ್ತು.

ಮೌಸು ಹಿಡಿಯುವುದನ್ನು ಹೇಳಿಕೊಟ್ಟಳು. ‘ಮನೆ ನೋಡಲು ಬರುತ್ತೇವೆ’ ಎನ್ನುವ ಬಟನ್ನನ್ನು ನಾನೇ ಹುಡುಕಿ ಒತ್ತಬೇಕು. ಪುಟ ತೆರೆದ ಕೂಡಲೇ ಅದು ಫೋನ್ ನಂಬರು ಕೇಳಿತು.

“ಇದೇನೇ, ಬಾಗ್ಲಿಗೆ ಬಂದೋರಿಗೆ ನೀರು ಬೆಲ್ಲ ಇಲ್ಲ, ಮೊದ್ಲೇ ವಿಚಾರಣೆ ಮಾಡ್ತೈತೆ?”

ಮತ್ತೋಡಿನ ನನ್ನ ತವರಿನಲ್ಲಿ ದಾರಿಹೋಕರೂ ಕೇಳದೇ ಜಗಲಿಯ ಮೇಲೆ ಕುಳಿತುಬಿಡುತ್ತಿದ್ದರು. ಹೆಸರು ಕೇಳುವುದು ಅವರು ನೀರು ಕುಡಿದ ಮೇಲೆ. ರೂಪ ನಕ್ಕು, ನಂಬರು ಕೇಳುವುದನ್ನು ಕೊನೆಯ ಪುಟಕ್ಕೆ ತಳ್ಳಿದಳು.

ಚಿತ್ರಗಳಲ್ಲಿ ಸೋಫಾ, ಈಜುಕೊಳ, ಕನ್ನಡಿಯಂಥ ನೆಲ. ಬಾಗಿಲಲ್ಲಿ ಒಂದು ಚಪ್ಪಲಿಯೂ ಇಲ್ಲ.

“ಇಲ್ಲಿರೋರೆಲ್ಲ ಎಲ್ಲಿಗೆ ಹೋಗವ್ರೆ?”

“ಇನ್ನೂ ಯಾರೂ ಬಂದಿಲ್ಲ ಅಜ್ಜಿ.”

ಬಂದ ಮೇಲೂ ಹೀಗೇ ಇರುತ್ತದೆ ಎಂದು ನನಗೆ ಗೊತ್ತು.

ಹಸಿರು ಬಟನ್ನು ಮೊದಲ ದಿನವೇ ಕಂಡಿತ್ತು. ಒತ್ತಲು ಹೋಗಿ ಕೈ ತಡೆದೆ. ಒತ್ತಿದರೆ ಕೆಲಸ ಮುಗಿಯಿತು, ಹುಡುಗಿ ಮಹಡಿ ಹತ್ತುತ್ತಾಳೆ. “ಕಾಣ್ತಿಲ್ಲ ಕಣವ್ವ” ಎಂದೆ. ಮರುದಿನ ಅದನ್ನು ದೊಡ್ಡದು ಮಾಡಿ ತಂದಳು. ಕಾಣಲಿಲ್ಲ. ಮೇಲಕ್ಕೆ ಏರಿಸಿದಳು. ಆಗಲೂ ಕಾಣಲಿಲ್ಲ. ನಡುನಡುವೆ ಅವರೆಕಾಯಿ ಸುಲಿದೆವು, ಅವಳ ತಾತನ ಸಿಟ್ಟಿನ ಕಥೆ ಹೇಳಿದೆ. ಕೊನೆಗೆ ಬಟನ್ನು ಎಷ್ಟು ಬೆಳೆಯಿತೆಂದರೆ ಬಂಗಲೆಯೇ ಅದರ ಹಿಂದೆ ಅಡಗಿತು.

ಕಂಪನಿಗೆ ಒಪ್ಪಿಸುವ ಹಿಂದಿನ ದಿನ ರೂಪ ಒಂದು ವಿಡಿಯೊ ತೋರಿಸಿದಳು. ಪರದೆಯ ಮೇಲೆ ನನ್ನ ಮೌಸಿನ ಬಾಣ ಓಡಾಡಿದ ದಾರಿಯನ್ನೆಲ್ಲ ಕಂಪ್ಯೂಟರು ಹಿಡಿದಿಟ್ಟುಕೊಂಡಿತ್ತು. ಬಾಣ ನೆಟ್ಟಗೆ ಬಟನ್ನಿಗೆ ಹೋಗಿ, ಅಲ್ಲಿ ನಿಂತು, ಪಕ್ಕಕ್ಕೆ ಸರಿಯುತ್ತಿತ್ತು. ದಿನವೂ.

“ಮೊದಲ್ನೇ ದಿನಾನೇ ಗೊತ್ತಾಯ್ತು ಕಣಜ್ಜಿ.”

“ಮತ್ತೆ ಯಾಕೇ ಹೇಳ್ಲಿಲ್ಲ, ಕಳ್ಳಿ?”

“ಮೇಲೆ ನಂಗಾದ್ರೂ ಯಾರವ್ರೆ?”

ಬಟನ್ನನ್ನು ಮೊದಲಿನಷ್ಟಕ್ಕೇ ಇಳಿಸಿ ಕಂಪನಿಗೆ ಕಳಿಸಿದಳು. ಮರುದಿನ ಮತ್ತೆ ಮಹಡಿ, ಮುಚ್ಚಿದ ಬಾಗಿಲು. ತಟ್ಟೆ ಹಿಡಿದು ಹೋಗಿ ಬಾಗಿಲು ಬಡಿದೆ. ಹೆಡ್‌ಫೋನು ಹಾಕಿದವಳಿಗೆ ಎಲ್ಲಿ ಕೇಳಬೇಕು? ತಳ್ಳಿದೆ. ತೆರೆಯಿತು. ಚಿಲಕವನ್ನೇ ಹಾಕಿರಲಿಲ್ಲ, ಇಷ್ಟು ದಿನ ಹೊಸ್ತಿಲಾಚೆ ತಟ್ಟೆಯಿಟ್ಟು ತಿರುಗಿ ಬರುತ್ತಿದ್ದವಳು ನಾನೇ.

“ಸರ್ಕಳೇ” ಎಂದು, ಅವಳು ‘ಕುಂತ್ಕ’ ಅನ್ನುವ ಮೊದಲೇ, ಮಂಚದ ಮೇಲೆ ಅವಳ ಪಕ್ಕ ಕುಳಿತೆ.